ಯಾನ್ಬುವಿನ ಮರಳುಹಾವು ಮತ್ತು ನನ್ನ ಅರಿಶಿನದ ಡಬ್ಬಿ

ಜಿದ್ದಾ: ಹಳದಿ ಬೆರಳು

ಮಗಳ ಬಾಣಂತನಕ್ಕೆ ಹೋಗುವುದನ್ನು ಯಾರೂ ಪ್ರವಾಸ ಎನ್ನುವುದಿಲ್ಲ. ಮುಲ್ಕಿಯಿಂದ ಕಿನ್ನಿಗೋಳಿಗೆ ಹೋಗುವುದಾಗಿದ್ದರೆ ನಾನೂ ಎನ್ನುತ್ತಿರಲಿಲ್ಲ. ಆದರೆ ನನ್ನ ಮಗಳು ಗೀತಾ ಇದ್ದದ್ದು ಸೌದಿ ಅರೇಬಿಯದ ಯಾನ್ಬುವಿನಲ್ಲಿ, ಕೆಂಪು ಸಮುದ್ರದ ದಡದಲ್ಲಿ. ನಾನೋ, ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಕೋಲಿಟ್ಟು ಅದೇ ಕೆಂಪು ಸಮುದ್ರವನ್ನು ತೋರಿಸಿ ತೋರಿಸಿ ಆಗಷ್ಟೇ ನಿವೃತ್ತಳಾದ ಟೀಚರು. ಅದು ನಿಜವಾಗಿ ಕೆಂಪಗಿದೆಯಾ ಎಂದು ಮಕ್ಕಳು ಕೇಳಿದಾಗಲೆಲ್ಲ ಮಾತು ಮರೆಸಿದವಳು. ಹಾಗಾಗಿ ನನ್ನ ಮಟ್ಟಿಗೆ ಇದು ಪ್ರವಾಸವೇ. ಕೆಂಪು ಸಮುದ್ರ ನೀಲಿಯಾಗಿದೆ. ಅದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ.

ನನ್ನ ಪೆಟ್ಟಿಗೆಯ ತುಂಬ ಬಾಣಂತನದ ಸಾಮಾನು. ತೆಂಗಿನೆಣ್ಣೆ, ಲೇಹ್ಯದ ಭರಣಿ, ಮಾವಿನ ಮಿಡಿಯ ಉಪ್ಪಿನಕಾಯಿ, ಮತ್ತೆ ಮನೆಯಲ್ಲೇ ಕುಟ್ಟಿದ ಅರಿಶಿನದ ಪುಡಿ ದೊಡ್ಡ ಡಬ್ಬಿಯಲ್ಲಿ. ಗಸಗಸೆ ಮಾತ್ರ ಇರಲಿಲ್ಲ. ಅದನ್ನು ತಂದರೆ ಆ ದೇಶದಲ್ಲಿ ಜೈಲು ಎಂದು ಅಳಿಯ ಸುಧಾಕರ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುವಾಗ ಮೂರು ಸಲ ಹೇಳಿದ್ದರು. ಗಸಗಸೆ ಇಲ್ಲದೆ ಬಾಣಂತಿಗೆ ಎಂಥ ಪಾಯಸ ಎಂದು ವಿಮಾನದಲ್ಲೆಲ್ಲ ಅದೇ ಕೊರಗು ನನಗೆ.

ಕಸ್ಟಮ್ಸಿನ ಹುಡುಗ ಅರಿಶಿನದ ಡಬ್ಬಿ ತೆರೆದು ಬೆರಳು ಅದ್ದಿದ, ಮೂಸಿದ, ಮೇಲಿನವರನ್ನು ಕರೆದ. ಅವರೂ ಬೆರಳು ಅದ್ದಿದರು. ಆಮೇಲೆ ಇಬ್ಬರೂ ಕರವಸ್ತ್ರದಲ್ಲಿ ಒರೆಸಿದ್ದೇ ಒರೆಸಿದ್ದು, ಹಳದಿ ಹೋದರೆ ತಾನೇ. ಕರವಸ್ತ್ರವೂ ಹಳದಿಯಾಯಿತು. ದೊಡ್ಡವರು ನನ್ನ ಮುಖ ನೋಡಿ ನಕ್ಕು ಪೆಟ್ಟಿಗೆಗೆ ಸೀಮೆಸುಣ್ಣದ ಗೀಟು ಎಳೆದರು. ಇಷ್ಟು ವರ್ಷ ಸೀಮೆಸುಣ್ಣ ಹಿಡಿದವಳಿಗೆ ಮೊದಲ ಸಲ ಇನ್ನೊಬ್ಬರು ಸರಿ ಗುರುತು ಹಾಕಿದ್ದು ಎಂದು ಖುಷಿಯಾಯಿತು.

ಶರಫಿಯಾ: ಬಾಯಿಬಿಟ್ಟ ಗುಟ್ಟು

ಯಾನ್ಬುವಿಗೆ ಹೊರಡುವ ಮೊದಲು, ನನ್ನನ್ನು ಕರೆದೊಯ್ಯಲು ಬಂದಿದ್ದ ಅಳಿಯ ಜಿದ್ದಾದ ಶರಫಿಯಾ ಪೇಟೆಗೆ ಕರೆದೊಯ್ದರು, ಊಟಕ್ಕೆ. ಶುಕ್ರವಾರ. ನಮ್ಮ ಹಂಪನಕಟ್ಟೆ ಪೇಟೆಯ ಸಂಜೆಯನ್ನು ನಾಲ್ಕು ಪಟ್ಟು ಮಾಡಿ ಹೆಂಗಸರನ್ನು ತೆಗೆದುಬಿಟ್ಟರೆ ಎಷ್ಟು ಜನವೋ ಅಷ್ಟು. ಒಂದು ಕಡೆ ತುಳು, ಇನ್ನೊಂದು ಕಡೆ ಬ್ಯಾರಿ, ನಡುವೆ ಮಲಯಾಳ. ಪರದೇಶಕ್ಕೆ ಬಂದಿದ್ದೇನೆಂದು ಮನಸ್ಸನ್ನು ಗಟ್ಟಿ ಮಾಡಿಕೊಂಡು ಬಂದಿದ್ದೆ, ಅದೆಲ್ಲ ದಂಡವಾಯಿತು.

ಬಟ್ಟೆ ಅಂಗಡಿಯ ಹಸನಬ್ಬ ಬಜ್ಪೆಯವರು, ಅಳಿಯನ ಪರಿಚಯ. ನನಗೆ ಸ್ಟೂಲು ಹಾಕಿ, ಫ್ಯಾನು ನನ್ನ ಕಡೆ ತಿರುಗಿಸಿ, "ಟೀಚರಮ್ಮ, ಕೂತ್ಕೊಳ್ಳಿ. ಚಾಯ ತರಿಸ್ತೇನೆ" ಎಂದರು. ಚಾಯ ಬಂದ ಮೇಲೆ ಅಳಿಯನ ಕಡೆ ತಿರುಗಿ ಕೇಳಿದರು, "ಅಲ್ಲ ಮಾರಾಯ, ನಿಮ್ಮ ಆ ಹಾವು ಇನ್ನೂ ಉಂಟಾ, ಹೋಯ್ತಾ?"

ಅಳಿಯನ ಮುಖ ಆಗ ನೋಡಬೇಕಿತ್ತು. ನಾನು ಚಾಯದ ಗ್ಲಾಸು ಕೆಳಗಿಟ್ಟೆ.

"ಯಾವ ಹಾವು?" ಎಂದೆ.

"ದಾರಿಯಲ್ಲಿ ಹೇಳ್ತೇನೆ ಅತ್ತೆ" ಎಂದರು.

ಯಾನ್ಬು ದಾರಿ: ಹಾವಿನ ಪೂರ್ವಕಥೆ

ಆ ದಾರಿಯಲ್ಲಿ ನೋಡಲು ಏನೂ ಇಲ್ಲ. ಎಡಕ್ಕೆ ಸಮುದ್ರ, ಬಲಕ್ಕೆ ಮರಳು, ನಡುವೆ ಗೀಟು ಹೊಡೆದಂಥ ರಸ್ತೆ. ಹಾಗಾಗಿ ನಾನು ಅಳಿಯನನ್ನೇ ನೋಡುತ್ತ ಕೂತೆ, ಅವರು ಹೇಳಲೇಬೇಕಾಯಿತು.

ಅಳಿಯನ ಜೊತೆ ಪ್ಲಾಂಟಿನಲ್ಲಿ ಕೆಲಸ ಮಾಡುವವನು ರೋಡೆಲ್, ಫಿಲಿಪೀನ್ಸಿನವನು. ಕೇಬಲ್ ಹಾಕಲು ಅಗೆಯುವಾಗ ಮರಳಲ್ಲಿ ಸಿಕ್ಕಿದ ಒಂದು ಹಾವಿನ ಮರಿಯನ್ನು ಕೆಲಸಗಾರರ ಕ್ಯಾಂಪಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕಿದ್ದ. ವಿಷ ಇಲ್ಲದ್ದು. ಅವನು ರಜೆಯಲ್ಲಿ ಊರಿಗೆ ಹೊರಟಾಗ ಕೋಣೆಯವರು, ನೀನು ವಿಮಾನ ಹತ್ತಿದ ಕೂಡಲೇ ಇದನ್ನು ಹೊಡೆದು ಹಾಕುತ್ತೇವೆ ಎಂದರಂತೆ. ಅಳಿಯ ಮನೆಗೆ ಬಂದು ಸುಮ್ಮನೆ ಆ ಸುದ್ದಿ ಹೇಳಿದ್ದು. ಗೀತಾ, "ಈಗಲೇ ಹೋಗಿ ತನ್ನಿ" ಎಂದಳಂತೆ.

ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಮದುವೆಯಾಗಿ ವರ್ಷಗಳು ಕಳೆದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಊರಲ್ಲಿ ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ ನಾಗದೋಷ ಎಂದು ಕಂಡಿತು. ಆಶ್ಲೇಷಾ ಬಲಿ ಮಾಡಿಸಿದೆವು, ನಾಗಬನದಲ್ಲಿ ತಂಬಿಲದ ಸೇವೆ ಕೊಟ್ಟೆವು. ಅದಾದ ಮೇಲೆ ಈ ಬಸಿರು. ಅಂಥವಳ ಕಿವಿಗೆ ಒಂದು ಹಾವನ್ನು ಕೊಲ್ಲುತ್ತಾರಂತೆ ಎಂಬ ಮಾತು ಬಿದ್ದರೆ ಅವಳು ಸುಮ್ಮನೆ ಕೂರುವುದುಂಟೇ.

"ಈಗ ತೊಂದರೆ ಬೇರೆ ಅತ್ತೆ" ಎಂದರು ಅಳಿಯ. "ಹಾವಿಗೆ ಎಂತದೋ ಆಗಿದೆ. ಹಲ್ಲಿ ಹಿಡಿದು ಹಾಕಿದ್ರೆ ಮೂಸಿಯೂ ನೋಡುದಿಲ್ಲ. ಅದು ನಮ್ಮನೆಯಲ್ಲಿ ಸತ್ತರೆ ಮಗುವಿಗೆ ಆಗ್ತದೆ ಅಂತ ಇವಳಿಗೆ ಹೆದರಿಕೆ. ನಿದ್ದೆ ಇಲ್ಲ. ಬ್ಲಡ್ ಪ್ರೆಶರ್ ಏರಿದೆ, ಹೀಗೇ ಏರಿದ್ರೆ ಅಡ್ಮಿಟ್ ಮಾಡ್ಬೇಕಾಗ್ತದೆ ಅಂತ ಡಾಕ್ಟರ್ ಹೇಳಿದ್ದಾರೆ."

ನಾನು ಬಾಣಂತನಕ್ಕೆಂದು ಬಂದಿದ್ದೆ. ಈಗ ಮೊದಲು ಹಾವಿನ ಆರೈಕೆ ಆಗಬೇಕಿತ್ತು.

ಯಾನ್ಬು: ಬೋಗುಣಿಯಲ್ಲಿ ಕೂತವರು

ಗೀತಾ ಬಾಗಿಲಲ್ಲೇ ನನ್ನನ್ನು ಅಪ್ಪಿಕೊಂಡಳು. ಆ ಹೊಟ್ಟೆ ನಡುವೆ ಇದ್ದುದರಿಂದ ಅರ್ಧ ಅಪ್ಪುಗೆ ಮಾತ್ರ. ಕಣ್ಣ ಕೆಳಗೆ ಕಪ್ಪು. ಊಟ ಆಯಿತಾ ಎಂದು ಕೇಳಲಿಲ್ಲ, ಊರಲ್ಲಿರುವ ತನ್ನ ತಂಗಿಯ ಸುದ್ದಿ ಕೇಳಲಿಲ್ಲ, ಕೈಹಿಡಿದು ಒಳಗಿನ ಸಣ್ಣ ಕೋಣೆಗೆ ಎಳೆದುಕೊಂಡು ಹೋದಳು.

ಗಾಜಿನ ಪೆಟ್ಟಿಗೆ. ಒಳಗೆ ಮರಳು, ಒಂದು ಒಣಕೊರಡು, ಒಂದು ಬೋಗುಣಿ ನೀರು. ಬೋಗುಣಿಯಲ್ಲಿ ಸುತ್ತಿಕೊಂಡು ಹಾವು. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ, ಹೆಡೆ ಇಲ್ಲ, ಕತ್ತು ಎಲ್ಲಿ ಬಾಲ ಎಲ್ಲಿ ಎಂದು ತಿಳಿಯದ ಮೊಂಡು. ನಮ್ಮ ಊರಿನ ಮಣ್ಣುಮುಕ್ಕ ಹಾವಿನ ಹತ್ತಿರದ ನೆಂಟ. ಕಣ್ಣು ಮಾತ್ರ ತಮಾಷೆ. ತಲೆಯ ಪಕ್ಕದಲ್ಲಿ ಇರಬೇಕಾದದ್ದು ನೆತ್ತಿಯ ಮೇಲೆ ಎರಡು ಗುಂಡಿ ಹೊಲಿದಂತೆ ಇದ್ದವು. ಮೈಯಲ್ಲಿ ಅಲ್ಲಲ್ಲಿ ಬಿಳಿ ಪುಡಿ.

"ಇಡೀ ದಿನ ನೀರಲ್ಲೇ ಅಮ್ಮ" ಎಂದಳು ಗೀತಾ. "ತನು ಬೇಡ್ತಾ ಉಂಟು ಅಂತ ನನಗೆ ಕಾಣ್ತದೆ."

ನಮ್ಮ ಕಡೆ ನಾಗನಿಗೆ ಹಾಲು, ಎಳನೀರು ಎರೆದು ತಂಪು ಮಾಡುವುದಕ್ಕೆ ತನು ಎನ್ನುತ್ತೇವೆ. ನಾಗನೆಂದರೆ ಉರಿಯುವ ಮೈ, ಅದಕ್ಕೆ ತಂಪು ಬೇಕು ಎನ್ನುವುದು ನಮ್ಮಲ್ಲಿ ಎಳೆ ಮಕ್ಕಳಿಗೂ ಗೊತ್ತು. ಇದು ನಾಗ ಅಲ್ಲ, ಹೆಡೆಯಿಲ್ಲದ್ದು ಎಂದು ನನ್ನೊಳಗಿನ ಟೀಚರು ಹೇಳಿದಳು. ಆದರೆ ಎದುರಿಗೆ ಮರಳುಗಾಡಿನ ಹಾವು ಬೋಗುಣಿಯಲ್ಲಿ ಮುಳುಗಿ ಕೂತಿದೆ, ಮೈಮೇಲೆ ವಿಭೂತಿಯಂಥ ಬಿಳಿ. ನನಗೆ ರೋಮಾಂಚನವಾಯಿತು. ಏಳು ಕಡಲು ದಾಟಿ ಬಂದು ನೋಡಿದರೆ ಮಗಳ ಮನೆಯಲ್ಲಿ ತನು ಕೇಳುವ ಸರ್ಪ. ಸಂತೋಷ ತಡೆಯದೆ ನಾಳೆಯೇ ಎರೆಯೋಣ ಎಂದೆ.

ಆ ರಾತ್ರಿ ಗೀತಾ ಚೆನ್ನಾಗಿ ಊಟ ಮಾಡಿದಳು.

ಮರುದಿನ: ತನು

ಎಳನೀರು ಎಲ್ಲಿಂದ ಬರಬೇಕು. ಹಾಲು ರಟ್ಟಿನ ಪೆಟ್ಟಿಗೆಯದ್ದು, ಅದರ ಮೇಲೆ ನಗುವ ದನದ ಚಿತ್ರ. ಪ್ಲಾಂಟಿನ ದಪ್ಪ ಗ್ಲೌಸು ಹಾಕಿಕೊಂಡು ಅಳಿಯ ಹಾವನ್ನು ತಟ್ಟೆಯಲ್ಲಿ ಹಿಡಿದು ಕೂತರು. ಅವರು ಬೆವರುತ್ತಿದ್ದರು, ಏಸಿಯ ಚಳಿಯಲ್ಲೂ. ನಾನು ಎರಡು ಚಮಚ ಹಾಲು ಬೆನ್ನ ಮೇಲೆ ಎರೆದು, ಬಟ್ಟೆಯಲ್ಲಿ ಒರೆಸಿ, ಅರಿಶಿನ ಕಲಸಿ ತಲೆಯಿಂದ ಬಾಲದವರೆಗೆ ಹಚ್ಚಿದೆ. ಬನದಲ್ಲಿ ಕಲ್ಲಿಗೆ ಹಚ್ಚಿದ್ದೆ. ಜೀವ ಇರುವ ಹಾವಿಗೆ ಹಚ್ಚುವ ಯೋಗ ನಮ್ಮ ಕುಟುಂಬದಲ್ಲಿ ಯಾರಿಗೆ ಸಿಕ್ಕಿತ್ತು. ಮೈ ತಣ್ಣಗೆ, ನಯವಾಗಿ, ಸೋಪು ಮುಟ್ಟಿದ ಹಾಗೆ. ನಾನು ಹೆದರಲಿಲ್ಲ, ಕುಣಿಯುವುದೊಂದು ಬಾಕಿ.

ಗೀತಾ ಕೈಮುಗಿದು ಕಣ್ಣು ಮುಚ್ಚಿದ್ದಳು. ನಾನು ಓದುವ ಕನ್ನಡಕ ಹಾಕಿಕೊಂಡು ಬಗ್ಗಿ, ಕಣ್ಣಿನ ಸುತ್ತ ಅರಿಶಿನ ಸರಿಯಾಗಿ ಕೂತಿದೆಯಾ ಎಂದು ನೋಡಿದೆ.

ಹಳದಿಯ ಮೇಲೆ ಒಂದು ಕಪ್ಪು ಚುಕ್ಕೆ. ಕಸ ಎಂದು ತೆಗೆಯಲು ಬೆರಳು ಚಾಚಿದೆ. ಚುಕ್ಕೆ ನಡೆಯಿತು.

ಅದರ ಹಿಂದೆ ಇನ್ನೊಂದು. ಗಂಟಲ ಕೆಳಗಿನಿಂದ ಮೂರು ನಾಲ್ಕು ಹೊರಟವು. ಹುರುಪೆ ಹುರುಪೆಗಳ ಸಂದಿಯಿಂದ ಇಣುಕಿ, ಅರಿಶಿನ ಕಂಡು ಗಾಬರಿಬಿದ್ದಂತೆ ಅತ್ತಿತ್ತ ಓಡಾಡತೊಡಗಿದವು. ಗಸಗಸೆಯ ಗಾತ್ರ. ನಾನು ಊರಲ್ಲೇ ಬಿಟ್ಟು ಬಂದ ಗಸಗಸೆ ಕಪ್ಪು ಬಣ್ಣ ಬಳಿದುಕೊಂಡು ಇಲ್ಲಿ ನಡೆದಾಡುತ್ತಿತ್ತು. ಈ ಕಪ್ಪು ಮಂದಿ ಮರಳಿನ ಬಣ್ಣದ ಮೈಯಲ್ಲಿ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಇದಕ್ಕೆ ನುಸಿ ಹಿಡಿದಿದೆ" ಎಂದೆ.

ಗೀತಾ ಕಣ್ಣು ಬಿಟ್ಟಳು. "ಎಂತ?"

"ನುಸಿ. ನಮ್ಮ ಹೇಂಟೆ ಕೋಳಿ ಕಾವಿಗೆ ಕೂತಾಗ ಹಿಡೀತದಲ್ಲ, ಅಂಥದ್ದೇ. ರಕ್ತ ಹೀರ್ತಾವೆ."

ಆಮೇಲೆ ಒಂದೊಂದೇ ನನಗೆ ಹೊಳೆಯತೊಡಗಿತು, ಹೊಳೆದದ್ದನ್ನೆಲ್ಲ ಕೂಗಿ ಹೇಳತೊಡಗಿದೆ. ನೀರಲ್ಲಿ ಕೂತದ್ದು ತನುವಿಗಲ್ಲ, ಕಚ್ಚುವವುಗಳನ್ನು ಮುಳುಗಿಸುವುದಕ್ಕೆ. ಬೋಗುಣಿಯ ತಳದಲ್ಲಿ ಚಾಯದ ಪುಡಿಯ ಹಾಗೆ ಇದ್ದದ್ದನ್ನು ಗೀತಾ ದಿನಾ ಚೆಲ್ಲುತ್ತಿದ್ದಳಂತೆ. ಅವು ಸತ್ತ ನುಸಿಗಳು. ಆ ವಿಭೂತಿ ಏನೆಂದರೆ ಅವುಗಳ ಹೇಲು. ಹಾವು ಗಲ್ಲವನ್ನು ಕೊರಡಿಗೆ ತಿಕ್ಕುತ್ತಿತ್ತೆಂದು ಅಳಿಯ ಹೇಳಿದ್ದರು, ಅದು ತುರಿಕೆ. ನನ್ನ ಮಣಿಕಟ್ಟು ಬೆಳಿಗ್ಗೆಯಿಂದ ತುರಿಸುತ್ತಿದ್ದುದಕ್ಕೂ ಕಾರಣ ಸಿಕ್ಕಿತು.

ನನ್ನ ಉತ್ಸಾಹದಲ್ಲಿ ಮಗಳ ಮುಖ ನೋಡಲು ಮರೆತಿದ್ದೆ. ಅವಳು ಅಳುತ್ತಿದ್ದಳು.

"ಸಾಯ್ತದಾ ಅಮ್ಮ?"

"ಕೋಳಿ ಸಾಯ್ತದಾ? ನೋಡಿಕೊಂಡ್ರೆ ಬದುಕ್ತದೆ" ಎಂದೆ. ನೋಡಿಕೊಳ್ಳದಿದ್ದರೆ ಸಾಯುತ್ತದೆ ಎನ್ನುವುದನ್ನು ನುಂಗಿಕೊಂಡೆ.

ಅಷ್ಟರಲ್ಲಿ ಅಳಿಯ ಅಡುಗೆಮನೆಯಿಂದ ಜಿರಳೆಗೆ ಹೊಡೆಯುವ ಸ್ಪ್ರೇ ತಂದಾಗಿತ್ತು. ನಾನು ಅದನ್ನು ಕಸಿದುಕೊಂಡೆ. ನಮ್ಮ ಪಕ್ಕದ ಮನೆಯವರು ಕೋಳಿಗೂಡಿಗೆ ಮದ್ದು ಹೊಡೆದು ನುಸಿಯನ್ನೂ ಕಳೆದುಕೊಂಡರು, ಕೋಳಿಗಳನ್ನೂ ಕಳೆದುಕೊಂಡರು. "ಮೊದಲು ಪ್ರಾಣಿಗಳ ಡಾಕ್ಟರು ಎಲ್ಲಿದ್ದಾರೆ ಹೇಳಿ" ಎಂದೆ.

ಆಡಿನ ಸಂತೆ: ದಿಂಬಿನ ಚೀಲದಲ್ಲಿ ರೋಗಿ

ಪ್ರಾಣಿಗಳ ಡಾಕ್ಟರು ಇದ್ದದ್ದು ಊರ ಹೊರಗೆ ಆಡು ಕುರಿ ಮಾರುವ ಜಾಗದಲ್ಲಿ. ನಾನು ಅಬಾಯ ಎನ್ನುವ ಕಪ್ಪು ನಿಲುವಂಗಿ ತೊಟ್ಟು, ಮಡಿಲಲ್ಲಿ ಗಂಟು ಹಾಕಿದ ದಿಂಬಿನ ಚೀಲ ಇಟ್ಟುಕೊಂಡು ಬೆಂಚಿನ ಮೇಲೆ ಕೂತೆ. ಸುತ್ತಲೂ ಆಡುಗಳು. ಇಲ್ಲಿನ ಆಡುಗಳ ಕಿವಿ ನಮ್ಮ ಬಾಳೆ ಎಲೆಯ ತುದಿಯಷ್ಟು ಉದ್ದ, ಮುಖದಲ್ಲಿ ಪಂಚಾಯತಿ ಸದಸ್ಯರ ಗತ್ತು. ಪಕ್ಕದಲ್ಲಿ ಕೂತಿದ್ದ ಮುದುಕರು ನನ್ನ ಚೀಲ ತೋರಿಸಿ ಅರಬಿಯಲ್ಲಿ ಏನೋ ಕೇಳಿದರು. ಮರಿಯೋ ಎಂದಿರಬೇಕು. ನಾನು ಹೌದೆಂದು ತಲೆಯಾಡಿಸಿದೆ. ಚೀಲ ತನ್ನಷ್ಟಕ್ಕೆ ನಿಧಾನ ಮಗ್ಗುಲು ಬದಲಿಸಿತು. ಮುದುಕರು ನೋಡಿದರು, ಎದ್ದರು, ತಮ್ಮ ಆಡನ್ನು ಕರೆದುಕೊಂಡು ಬೆಂಚಿನ ಆ ಕೊನೆಗೆ ಹೋಗಿ ಕೂತರು.

ಡಾಕ್ಟರು ಸೂಡಾನಿನವರು, ಎತ್ತರ, ತುಂಬ ಮೆದು ಮಾತು. ನನ್ನನ್ನು 'ಯಾ ಉಮ್ಮಿ' ಎಂದು ಕರೆದರು, ನನ್ನ ತಾಯಿ ಎಂದರ್ಥವಂತೆ. ಚೀಲ ಬಿಚ್ಚಿದಾಗ ಹಳದಿ ಹಾವು ಹೊರಬಂತು. ಅವರು ಬಗ್ಗಿ ನೋಡಿದರು.

"ಇದು ಯಾವ ಜಾತಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನಾನು ಹಳದಿಯದ್ದನ್ನು ನೋಡಿಲ್ಲ."

ಅಳಿಯ ನೆಲ ನೋಡಿದರು. ನಾನು ನನ್ನ ಮೇಷ್ಟ್ರ ಇಂಗ್ಲಿಷಿನಲ್ಲಿ ನಾಗ, ತನು, ಅರಿಶಿನ, ಮಗಳ ಬಸಿರು ಎಲ್ಲವನ್ನೂ ವಿವರಿಸಿದೆ. ಅವರು ನಗಲಿಲ್ಲ. ತಮ್ಮ ಊರಲ್ಲೂ ತಾಯಂದಿರು ಬಸುರಿಯ ಮನೆಯಿಂದ ಯಾವ ಪ್ರಾಣಿಯನ್ನೂ ಓಡಿಸುವುದಿಲ್ಲ ಎಂದರು.

"ಹಾವಿಗೆ ನಾನು ಮದ್ದು ಮಾಡಿಲ್ಲ ಉಮ್ಮಿ. ಒಂಟೆ ಗೊತ್ತು, ಆಡು ಗೊತ್ತು. ಆದರೆ ನುಸಿ ಎಲ್ಲ ಕಡೆ ಒಂದೇ. ಅದು ಇರುವುದು ಮೈಯಲ್ಲಿ ಸ್ವಲ್ಪ, ಮನೆಯಲ್ಲಿ ಜಾಸ್ತಿ. ಮೊಟ್ಟೆ ಇಡುವುದು ಮರಳಲ್ಲಿ, ಮರದ ಬಿರುಕಲ್ಲಿ."

ನಾನು ಮೇಜು ಕುಟ್ಟಿದೆ. ಕೋಳಿಯದ್ದೂ ಅದೇ. ಕುಕ್ಕೆಯ ಹುಲ್ಲು ಬದಲಿಸದೆ ಹೇಂಟೆಯನ್ನು ಎಷ್ಟು ತೊಳೆದರೂ ನಾಳೆ ಮತ್ತೆ ಅಷ್ಟೇ ನುಸಿ. ಡಾಕ್ಟರು ಸಂತೋಷದಿಂದ ಹೌದು ಹೌದು ಎಂದರು. ಸ್ಪ್ರೇ ಬೇಡ, ಅರಿಶಿನ ತೊಳೆಯಿರಿ, ಉಗುರುಬೆಚ್ಚಗಿನ ನೀರಲ್ಲಿ ಕೂರಿಸಿ, ತಲೆ ಮಾತ್ರ ಮೇಲಿರಲಿ, ಕಣ್ಣು ಗಲ್ಲದ ಸುತ್ತ ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿ ಬರೀ ಬಿಳಿ ಕಾಗದ ಹಾಸಿ ಎಂದರು. ಕೊನೆಗೆ ಬಾಗಿಲ ತನಕ ಬಂದು ಹೇಳಿದರು, "ಹೋಯಿತು ಎಂದುಕೊಂಡ ಮೇಲೆ ಮತ್ತೆ ಬರುತ್ತದೆ. ಆಗ ಬಿಡಬೇಡಿ."

ಮತ್ತೆ ಯಾನ್ಬು: ಬಿಳಿ ಕಾಗದ

ಆ ಸಂಜೆಯಿಂದ ನಮ್ಮ ಮನೆ ಯುದ್ಧದ ಮನೆಯಾಯಿತು. ಮರಳನ್ನು ಚೀಲಕ್ಕೆ ಕಟ್ಟಿ ಹೊರಗೆ ಎಸೆದೆವು. ಕೊರಡನ್ನು ಬಿಸಿಲಲ್ಲಿ ಒಡೆದು ನೋಡಿದರೆ ಬಿರುಕಿನ ತುಂಬ ಅವೇ. ಊರಿಗೆ ಹೊರಟುಹೋದ ಯಾರೋ ಅಮೆರಿಕದವರ ಹಾವಿನ ಪೆಟ್ಟಿಗೆಯಿಂದ ರೋಡೆಲ್ ಆ ಕೊರಡನ್ನು ತಂದದ್ದಂತೆ. ಕಳ್ಳರು ಬಂದ ದಾರಿ ಅದು. ಗಾಜಿನ ಪೆಟ್ಟಿಗೆಗೆ ಕುದಿಯುವ ನೀರು ಹುಯ್ದು, ಮೂಲೆ ಮೂಲೆಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿದೆ. ಕೋಣೆಯ ಕಾರ್ಪೆಟ್ಟಿಗೆಲ್ಲ ಅಳಿಯ ವ್ಯಾಕ್ಯೂಮ್ ಹಿಡಿದರು.

ತೂತು ಕೊರೆದ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಹಾವಿಗೆ ಸ್ನಾನ. ಮೊಣಕೈ ಅದ್ದಿ ನೀರಿನ ಬಿಸಿ ನೋಡಿದೆ, ಶಿಶುವಿಗೆ ನೋಡುವಂತೆ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಕಪ್ಪು ಚುಕ್ಕೆಗಳು ತೇಲಿದವು. ಉಳಿದವು ತಲೆಯ ಮೇಲಕ್ಕೆ ಹತ್ತಿಕೊಂಡು ಕೂತಿದ್ದವು. ಅಲ್ಲಿಗೆ ಹತ್ತಿಯಲ್ಲಿ ಎಣ್ಣೆ. ಆ ದೇಶದಲ್ಲಿ ಆಲಿವ್ ಎಣ್ಣೆ ಧಾರಾಳ, ಆದರೆ ನಾನು ತಂದದ್ದು ತೆಂಗಿನೆಣ್ಣೆ. ಬಾಣಂತಿಗೆಂದು ತಂದ ಬಾಟಲಿಯ ಮೊದಲ ಹನಿ ಹಾವಿನ ಗಲ್ಲಕ್ಕೆ ಹೋಯಿತು.

ಕಾಗದ ಗೀತಾಳ ಪಾಲಿನ ಕೆಲಸವಾಯಿತು. ದಿನಾ ಬೆಳಿಗ್ಗೆ ಹಳೆಯ ಕಾಗದ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುವುದು, ನನ್ನ ಕನ್ನಡಕ ಹಾಕಿಕೊಂಡು ಹುಡುಕುವುದು, ಹೊಸದು ಹಾಸುವುದು. ಚುಕ್ಕೆಗಳು ಕಡಿಮೆಯಾಗುತ್ತ ಬಂದವು. ಅವಳು ಹಾಡು ಗುನುಗತೊಡಗಿದಳು. ಒಂದು ಬೆಳಿಗ್ಗೆ ಕಾಗದ ಬರೀ ಬಿಳಿ. ನಾವಿಬ್ಬರೂ ಅಡುಗೆಮನೆಯಲ್ಲಿ ನೀರುದೋಸೆ ಹುಯ್ದು ಸಂಭ್ರಮ ಮಾಡಿದೆವು.

ವಾರ ತುಂಬುವ ಮೊದಲೇ ಕಾಗದದ ಮೇಲೆ ಮತ್ತೆ ಚುಕ್ಕೆಗಳು. ಈ ಸಲ ಇನ್ನೂ ಸಣ್ಣವು. ಗೀತಾ ಕಾಗದ ಕೆಳಗಿಟ್ಟು ಗೋಡೆ ಕಡೆ ತಿರುಗಿ ಮಲಗಿದಳು.

"ಹೇಳಿದ್ರಲ್ಲ ಡಾಕ್ಟರು. ಇವು ಮೊಟ್ಟೆಯೊಡೆದ ಮರಿಗಳು" ಎಂದೆ.

"ನನ್ನ ಹಣೆಬರವೇ ಇಷ್ಟು ಅಮ್ಮ. ಇದು ಉಳಿಯುದಿಲ್ಲ."

ನನಗೆ ಸಿಟ್ಟು ಬಂತು. "ಹಣೆಬರ ಅಂತೆ. ಏಳು ಮಾರಾಯ್ತಿ, ನೀರು ಕಾಯಿಸು. ಮೊಟ್ಟೆ ಇಟ್ಟವು ಸತ್ತಾಗಿದೆ, ಇವು ಮೊಟ್ಟೆ ಇಡುವ ಮೊದಲು ಹಿಡಿಯುವ" ಎಂದು ಶಾಲೆಯಲ್ಲಿ ಗದರುವ ಹಾಗೆ ಗದರಿದೆ. ಅವಳು ಎದ್ದಳು. ಸ್ನಾನ, ಎಣ್ಣೆ, ಕುದಿನೀರು, ಕಾಗದ, ಎಲ್ಲ ಮೊದಲಿನಿಂದ. ಎರಡನೇ ಸಲ ಅವಳೇ ಗ್ಲೌಸಿಲ್ಲದೆ ಹಾವನ್ನು ಕೈಯಲ್ಲಿ ಹಿಡಿದಳು. ಆ ವಾರ ಆಸ್ಪತ್ರೆಯಲ್ಲಿ ನೋಡಿದಾಗ ಪ್ರೆಶರು ಇಳಿದಿತ್ತು. ಏನು ಮದ್ದು ಕೊಟ್ಟಿರಿ ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು, ಕೆಲಸ ಕೊಟ್ಟೆ ಎಂದೆ.

ಮರಳು ಹುರಿದ ದಿನ

ಕಾಗದ ಬಿಳಿಯಾಗಿಯೇ ಉಳಿಯಿತು. ಹಾವು ಪೊರೆ ಬಿಟ್ಟಿತು, ಬಿಟ್ಟ ಪೊರೆಯನ್ನು ಗೀತಾ ಬೆಳಕಿಗೆ ಹಿಡಿದು ಇಂಚು ಇಂಚು ನೋಡಿದಳು. ಚುಕ್ಕೆಯಿಲ್ಲ. ಆದರೆ ಹಲ್ಲಿ ಮಾತ್ರ ಮುಟ್ಟಲಿಲ್ಲ. ಕಾಗದದ ಮೇಲೆ ಒಲ್ಲದ ಮನೆಯಲ್ಲಿ ಕೂತ ನೆಂಟರ ಹಾಗೆ ಮೂಲೆಯಲ್ಲೇ ಇರುತ್ತಿತ್ತು, ಇಲ್ಲದಿದ್ದರೆ ಬೋಗುಣಿಯಲ್ಲಿ. ಅದೇ ಬೋಗುಣಿ. ಈಗ ಅಭ್ಯಾಸಕ್ಕೆ ಕೂರುತ್ತದೋ, ಒಳಗಿನಿಂದ ಸೋತಿದೆಯೋ, ಯಾರಿಗೂ ಗೊತ್ತಿಲ್ಲ.

"ಅದಕ್ಕೆ ಮರಳು ಬೇಕು" ಎಂದಳು ಗೀತಾ.

ಅಳಿಯ ಊರ ಹೊರಗಿಂದ ಎರಡು ಬಕೆಟ್ ಮರಳು ತಂದರು. ಅದರಲ್ಲಿ ಏನೇನು ಹುಳ ಇದೆಯೋ ಎಂದು ನನಗೆ ಅನುಮಾನ. ದೊಡ್ಡ ಬಾಣಲೆ ಒಲೆಗೇರಿಸಿ, ನೆಲಗಡಲೆ ಹುರಿಯುವಾಗ ಮರಳು ಕಾಯಿಸುವುದಿಲ್ಲವೇ, ಹಾಗೆ ಸಟ್ಟುಗದಲ್ಲಿ ತಿರುವಿ ತಿರುವಿ ಹುರಿದೆ. ಮೇಲಿನ ಮನೆಯ ಪಾಕಿಸ್ತಾನಿ ಹೆಂಗಸು ಬಾಗಿಲು ತಟ್ಟಿ, "ಆಪಾ, ಏನು ಹುರಿಯುತ್ತಿದ್ದೀರಿ, ಸದ್ದು ಬರ್ತಿದೆ, ವಾಸನೆ ಇಲ್ಲ" ಎಂದು ಉರ್ದುವಿನಲ್ಲಿ ಕೇಳಿದರು. ಒಳಗೆ ಕರೆದು ತೋರಿಸಿದೆ. ಅವರು ಬಾಣಲೆ ನೋಡಿದರು, ನನ್ನ ಮುಖ ನೋಡಿದರು, ಮೆಲ್ಲನೆ ಹೊರಟುಹೋದರು.

ಆರಿದ ಮರಳನ್ನು ಪೆಟ್ಟಿಗೆಗೆ ಸುರಿದು ಹಾವನ್ನು ಬಿಟ್ಟೆವು, ಜೊತೆಗೆ ಒಂದು ಹಲ್ಲಿಯನ್ನೂ. ಮೂವರೂ ಗಾಜಿಗೆ ಮೂಗು ಒತ್ತಿಕೊಂಡು ಕೂತೆವು. ಅದು ಮರಳ ಮೇಲೆ ಮಲಗಿತು, ಅಷ್ಟೇ. ತಲೆ ಬೋಗುಣಿಯ ಕಡೆ. ಮಧ್ಯಾಹ್ನವಾದರೂ ಅಲ್ಲಿಂದ ಅಲುಗಲಿಲ್ಲ.

"ನೀರಿಗೇ ಹೋಗ್ತದೆ" ಎಂದಳು ಗೀತಾ, ಸೊಂಟ ಹಿಡಿದುಕೊಂಡು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಹಿಡಿದುಕೊಂಡಳು. ನಾನು ಅವಳ ಮುಖ ನೋಡಿದೆ. ಹಾವಿನ ವಿಷಯ ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಓಡಿದೆವು.

ಆಸ್ಪತ್ರೆ: ಬಿಳಿ ಬಟ್ಟೆ

ಹೆಣ್ಣು ಮಗು. ಬೆಳಕು ಹರಿಯುವಾಗ ಕೇರಳದ ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟರು. ನನಗೆ ಗೊತ್ತಿಲ್ಲದೆ ನನ್ನ ಕೈ ಕನ್ನಡಕ ಸರಿಮಾಡಿಕೊಂಡಿತು, ಬಟ್ಟೆಯ ಮಡಿಕೆ ಬಿಡಿಸಿ ಬೆಳಕಿಗೆ ತಿರುಗಿಸಿ ಚುಕ್ಕೆ ಹುಡುಕಿತು. "ಎಂತ ಅಮ್ಮ, ಬಟ್ಟೆ ಕ್ಲೀನ್ ಇಲ್ವಾ?" ಎಂದು ನರ್ಸಮ್ಮ ಬೇಸರಪಟ್ಟರು. ಅವರಿಗೆ ಏನೆಂದು ಹೇಳಲಿ. ಮೊಮ್ಮಗಳು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ನಾನು ಅಲ್ಲೇ ನಿಂತು ಅತ್ತೆ.

ಗೀತಾಳ ಹತ್ತಿರ ಮಗುವನ್ನು ಕೊಂಡುಹೋದೆ. ಅವಳು ಕೈ ಚಾಚಲಿಲ್ಲ.

"ನೀನೇ ಹಿಡ್ಕೊ ಅಮ್ಮ. ಅವರು ಬರಲಿ."

ಅಳಿಯ ಬಟ್ಟೆಬರೆ ತರಲು ಮನೆಗೆ ಹೋಗಿದ್ದರು. ಅವಳ ಕಣ್ಣು ಬಾಗಿಲಲ್ಲಿ. ಅವಳು ಯಾವ ಸುದ್ದಿಗೆ ಕಾಯುತ್ತಿದ್ದಾಳೆಂದು ನನಗೆ ತಿಳಿಯಿತು. ಮಗು ನನ್ನ ಎದೆಗೆ ಬಾಯಿ ಒರೆಸುತ್ತಿತ್ತು, ಇವಳು ಮುಟ್ಟುತ್ತಿಲ್ಲ. ಗದರಬೇಕೆಂದುಕೊಂಡೆ, ಆದರೆ ನಾನೂ ಬಾಗಿಲನ್ನೇ ನೋಡುತ್ತಿದ್ದೆ.

ಅಳಿಯ ಬಂದರು. ಫ್ಲಾಸ್ಕು ಕೆಳಗಿಟ್ಟರು.

"ಹೇಗುಂಟು?" ಎಂದಳು ಗೀತಾ.

"ಬೋಗುಣಿಯಲ್ಲಿ ಇಲ್ಲ" ಎಂದರು. "ನಾನು ಹೆದರಿದೆ, ಪೆಟ್ಟಿಗೆಯಿಂದ ಹೊರಗೆ ಹೋಯ್ತಾ ಅಂತ. ಮಂಚದ ಅಡಿ ಎಲ್ಲ ಹುಡುಕಿದೆ."

"ಮತ್ತೆ?"

"ಮರಳೊಳಗೆ ಉಂಟು. ಎರಡು ಕಣ್ಣು ಮಾತ್ರ ಮೇಲೆ. ಹಲ್ಲಿಯೂ ಇಲ್ಲ."

ಗೀತಾ ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಎರಡೂ ಕೈ ಚಾಚಿದಳು.

"ಕೊಡು ಅಮ್ಮ" ಎಂದಳು. "ನನ್ನ ಮಗುವನ್ನು ಇಲ್ಲಿ ಕೊಡು."